ರಾತ್ರಿ ಪಾಳಿಯಲ್ಲಿ ಬೆಂಕಿ ಬಿದ್ದರೆ: ವಾರ್ಡಿನ ಸಿಬ್ಬಂದಿಗೊಂದು ಮಾರ್ಗದರ್ಶಿ

2011ರ ಡಿಸೆಂಬರ್ 9ರಂದು ಕೋಲ್ಕತ್ತದ ಢಾಕುರಿಯಾದಲ್ಲಿರುವ ಎಎಂಆರ್‌ಐ ಆಸ್ಪತ್ರೆಯ ನೆಲಮಾಳಿಗೆಗೆ ಬೆಂಕಿ ಬಿದ್ದದ್ದು ಬೆಳಗಿನ ಜಾವ. 2021ರ ಜನವರಿ 9ರಂದು ಮಹಾರಾಷ್ಟ್ರದ ಭಂಡಾರಾ ಜಿಲ್ಲಾಸ್ಪತ್ರೆಯ ನವಜಾತ ಶಿಶು ಘಟಕದಲ್ಲಿ ಹತ್ತು ಕೂಸುಗಳು ಪ್ರಾಣ ಬಿಟ್ಟದ್ದು ನಡುರಾತ್ರಿ ಕಳೆದ ಮೇಲೆ. ಅದೇ ವರ್ಷ ಏಪ್ರಿಲ್ 23ರಂದು ಮುಂಬೈ ಬಳಿಯ ವಿರಾರ್‌ನಲ್ಲಿ ಕೋವಿಡ್ ಐಸಿಯು ಹೊತ್ತಿಕೊಂಡಾಗ ಸುಮಾರು ಮೂರು ಗಂಟೆ. ಅದಾಗಿ ಎಂಟು ದಿನಕ್ಕೆ, ಮೇ 1ರ ಮೊದಲ ಜಾವದಲ್ಲಿ, ಗುಜರಾತಿನ ಭರೂಚ್‌ನ ಕೋವಿಡ್ ಆಸ್ಪತ್ರೆ. 2024ರ ನವೆಂಬರ್ 15ರಂದು ಝಾನ್ಸಿಯ ವೈದ್ಯಕೀಯ ಕಾಲೇಜಿನ ಶಿಶು ಘಟಕಕ್ಕೆ ಬೆಂಕಿ ಬಿದ್ದಾಗ ರಾತ್ರಿ ಹತ್ತೂವರೆ ದಾಟಿತ್ತು.

ಹಗಲಿನಲ್ಲೂ ಆಸ್ಪತ್ರೆಗಳಿಗೆ ಬೆಂಕಿ ಬೀಳುತ್ತದೆ. ಆದರೆ ಹಗಲಿನಲ್ಲಿ ವೈರ್ ಸುಟ್ಟ ವಾಸನೆ ಹತ್ತು ಜನರ ಮೂಗಿಗೆ ಬಡಿಯುತ್ತದೆ, ಎಲೆಕ್ಟ್ರಿಷಿಯನ್ ಕೂಗಿದರೆ ಬರುತ್ತಾನೆ, ರೋಗಿಯನ್ನು ಎತ್ತಲು ಕೈಗಳಿರುತ್ತವೆ. ರಾತ್ರಿ ಮೂವತ್ತು ಹಾಸಿಗೆಯ ವಾರ್ಡಿಗೆ ಇಬ್ಬರು ಸಿಸ್ಟರ್, ಒಬ್ಬ ಆಯಾ. ಎಷ್ಟೋ ತಾಲ್ಲೂಕು ಆಸ್ಪತ್ರೆಗಳಲ್ಲಿ ಆ ಸಿಸ್ಟರ್ ಕೂಡ ಒಬ್ಬರೇ. ಡ್ಯೂಟಿ ಡಾಕ್ಟರ್ ಹೆರಿಗೆ ಕೊಠಡಿಯಲ್ಲಿರುತ್ತಾರೆ. ಅಗ್ನಿಸುರಕ್ಷತೆಯ ತರಬೇತಿಗಳಾದರೋ ಬೆಳಿಗ್ಗೆ ಹನ್ನೊಂದಕ್ಕೆ ಆಸ್ಪತ್ರೆಯ ಅಂಗಳದಲ್ಲಿ, ಎಲ್ಲ ಮುಖ್ಯಸ್ಥರ ಸಮ್ಮುಖದಲ್ಲಿ ನಡೆಯುತ್ತವೆ. ಆ ಹೊತ್ತಿನಲ್ಲಿ ರಾತ್ರಿ ಪಾಳಿಯವರು ಮನೆಯಲ್ಲಿ ನಿದ್ದೆ ಮಾಡುತ್ತಿರುತ್ತಾರೆ. ಆಸ್ಪತ್ರೆಯ ಸಿದ್ಧತೆಯನ್ನು ಅಳೆಯಬೇಕಾದದ್ದು ರಾತ್ರಿ ಎರಡು ಗಂಟೆಗೆ, ಅಲ್ಲಿ ಆಗ ಇರುವಷ್ಟೇ ಜನರನ್ನಿಟ್ಟುಕೊಂಡು. ಈ ಬರಹ ಆ ಪಾಳಿಯ ಸ್ಟಾಫ್ ನರ್ಸ್, ಆಯಾ, ವಾರ್ಡ್ ಬಾಯ್, ಗ್ರೂಪ್ ಡಿ ನೌಕರರು ಮತ್ತು ತರಬೇತಿಯಲ್ಲಿರುವ ನರ್ಸಿಂಗ್ ವಿದ್ಯಾರ್ಥಿಗಳಿಗಾಗಿ. ಭರೂಚ್‌ನಲ್ಲಿ ರೋಗಿಗಳ ಜೊತೆ ಸತ್ತವರಲ್ಲಿ ತರಬೇತಿಯಲ್ಲಿದ್ದ ಇಬ್ಬರು ದಾದಿಯರೂ ಇದ್ದರು ಎಂಬುದನ್ನು ನಾವು ಮರೆಯಬಾರದು.

ಮೊದಲು ತಿಳಿದಿರಬೇಕಾದದ್ದು: ಕೊಲ್ಲುವುದು ಹೊಗೆ

ಕೋಲ್ಕತ್ತದಲ್ಲಿ 90ರ ಆಸುಪಾಸು ಜನ ಸತ್ತರು. ಬೆಂಕಿ ಇದ್ದದ್ದು ನೆಲಮಾಳಿಗೆಯಲ್ಲಿ, ಸತ್ತವರಲ್ಲಿ ಬಹುಪಾಲು ಜನ ಇದ್ದದ್ದು ಮೇಲಿನ ಮಹಡಿಗಳಲ್ಲಿ. ಹವಾನಿಯಂತ್ರಣದ ಕೊಳವೆಗಳು ಮತ್ತು ಕಟ್ಟಡದ ಒಳದಾರಿಗಳ ಮೂಲಕ ಹೊಗೆ ಮೇಲೇರಿತು, ಗಾಜು ಮುಚ್ಚಿದ ಕಟ್ಟಡದಿಂದ ಹೊರಹೋಗಲು ಅದಕ್ಕೆ ಜಾಗವಿರಲಿಲ್ಲ. ನಮ್ಮ ಬೆಂಗಳೂರಿನಲ್ಲಿ 2010ರ ಫೆಬ್ರುವರಿ 23ರಂದು ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಆದದ್ದೂ ಹೀಗೆಯೇ. ಅದು ಆಸ್ಪತ್ರೆಯಲ್ಲ, ಕಚೇರಿಗಳ ಕಟ್ಟಡ. ವಿದ್ಯುತ್ ಕೇಬಲ್‌ಗಳು ಸಾಗುವ ಒಳದಾರಿಯಲ್ಲಿ ಎದ್ದ ಹೊಗೆ ಮೇಲಿನ ಮಹಡಿಗಳನ್ನು ತುಂಬಿತು. ಒಂಬತ್ತು ಮಂದಿ ಸತ್ತರು, ಉಸಿರಾಡಲಾಗದೆ ಕಿಟಕಿಯಿಂದ ಧುಮುಕಿದವರೂ ಅದರಲ್ಲಿದ್ದರು.

ಹಾಸಿಗೆಯ ಫೋಮ್, ರೆಕ್ಸಿನ್, ಪ್ಲಾಸ್ಟಿಕ್ ಪರದೆ ಉರಿದಾಗ ಬರುವ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಜೊತೆಗೆ ಸಯನೈಡ್ ಅನಿಲವೂ ಇರುತ್ತದೆ. ಆರೋಗ್ಯವಂತರನ್ನೇ ಅದು ಕೆಲವೇ ನಿಮಿಷಗಳಲ್ಲಿ ಕೆಡವುತ್ತದೆ. ನ್ಯುಮೋನಿಯಾ ರೋಗಿಯ ಮಾತು ಬೇರೆ ಹೇಳಬೇಕಿಲ್ಲ. ಆದ್ದರಿಂದ ನೀವು ಮಾಡುವ ಪ್ರತಿಯೊಂದು ಕೆಲಸದ ಹಿಂದೆ ಒಂದೇ ಪ್ರಶ್ನೆ ಇರಲಿ: ಹೊಗೆಗೂ ರೋಗಿಗೂ ನಡುವೆ ಒಂದು ಮುಚ್ಚಿದ ಬಾಗಿಲನ್ನು ತರುವುದು ಹೇಗೆ?

ಹಂತ 1: ಪಾಳಿ ವಹಿಸಿಕೊಳ್ಳುವಾಗ ಬಾಗಿಲವರೆಗೆ ನಡೆಯಿರಿ

ಹ್ಯಾಂಡ್‌ಓವರ್ ಮುಗಿದ ಕೂಡಲೇ ವಾರ್ಡಿನ ಅತಿ ದೂರದ ಹಾಸಿಗೆಯಿಂದ ತುರ್ತು ಬಾಗಿಲವರೆಗೆ ನಡೆದು ಹೋಗಿ. ಬಾಗಿಲನ್ನು ನೋಡಿ ಬಂದರೆ ಸಾಲದು, ಕೈಯಿಂದ ತಳ್ಳಿ ತೆರೆಯಿರಿ. ಆಚೆ ಮೆಟ್ಟಿಲಿನಲ್ಲಿ ಏನಿದೆ ಎಂದು ಇಣುಕಿ ನೋಡಿ. ಬಹಳಷ್ಟು ಸರ್ಕಾರಿ ಆಸ್ಪತ್ರೆಗಳಲ್ಲಿ ಅಲ್ಲಿ ಕಾಣುವುದು ಕಂಡಮ್ ಆಗಬೇಕಾದ, ಅಂದರೆ ಬಳಕೆಗೆ ಬಾರದೆಂದು ವಿಲೇವಾರಿಯಾಗಬೇಕಾದ ಮಂಚಗಳು, ಚಕ್ರ ಮುರಿದ ಟ್ರಾಲಿ, ಹಳೆಯ ಹಾಸಿಗೆಗಳ ರಾಶಿ. ಖಾಸಗಿ ಆಸ್ಪತ್ರೆಗಳಲ್ಲಿ ಔಷಧದ ರಟ್ಟಿನ ಪೆಟ್ಟಿಗೆಗಳು. ಮೆಟ್ಟಿಲು ಇಕ್ಕಟ್ಟಾಗುವುದು ಒಂದು ಕೆಡುಕಾದರೆ, ಆ ಸಾಮಾನುಗಳೇ ಉರಿಯಲು ಸಿದ್ಧವಾಗಿರುವುದು ಇನ್ನೊಂದು.

ಬಾಗಿಲಿಗೆ ಬೀಗ ಇದೆಯೇ? ಬೀಗ ಹಾಕುವುದಕ್ಕೆ ಕಾರಣಗಳಿವೆ: ಕಳ್ಳತನದ ಭಯ, ಕೂಸು ಕದ್ದೊಯ್ಯುವ ಭಯ, ರೋಗಿಯ ಕಡೆಯವರು ಹೊತ್ತಲ್ಲದ ಹೊತ್ತಿನಲ್ಲಿ ನುಗ್ಗುವುದು. ಆ ಭಯ ಸುಳ್ಳಲ್ಲ. ಆದರೂ ಒಳಗಿನಿಂದ ತಳ್ಳಿದರೆ ತೆರೆಯುವ, ತೆರೆದಾಗ ಸದ್ದು ಮಾಡುವ ಅಡ್ಡಪಟ್ಟಿಯ ಬಾಗಿಲುಗಳು ಈಗ ಎಲ್ಲೆಡೆ ಸಿಗುತ್ತವೆ. ಕಳ್ಳನನ್ನೂ ಹಿಡಿಯಬಹುದು, ರೋಗಿಯನ್ನೂ ಉಳಿಸಬಹುದು. ಅದು ಬರುವವರೆಗೆ ಬೀಗದ ಕೈ ಬಾಗಿಲ ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿರಲಿ. ಕೆಳಗಿನ ಕಾವಲುಗಾರನ ಸೊಂಟದಲ್ಲಿರುವ ಕೀ ಮೂರನೇ ಮಹಡಿಯವರ ಪಾಲಿಗೆ ಇಲ್ಲದಂತೆಯೇ.

ಹೊಗೆ ತಡೆಯುವ ದಪ್ಪ ಬಾಗಿಲುಗಳು ಕಾರಿಡಾರಿನ ನಡುವೆ ಇದ್ದರೆ ಅವು ತಾವಾಗಿ ಮುಚ್ಚಿಕೊಳ್ಳುವಂತೆ ಇರಬೇಕು. ಟ್ರಾಲಿ ಓಡಾಡಲು ತೊಂದರೆಯೆಂದು ಗಾಜ್ ಪಟ್ಟಿಯಿಂದ ಹಿಡಿಕೆ ಕಟ್ಟಿಯೋ ಸ್ಟೂಲ್ ಒತ್ತಿಟ್ಟೋ ತೆರೆದಿಡುವುದು ವಾರ್ಡುಗಳಲ್ಲಿ ದಿನನಿತ್ಯದ ನೋಟ. ಕಂಡರೆ ಅಲ್ಲೇ ಕತ್ತರಿ ತೆಗೆದು ಪಟ್ಟಿ ಕತ್ತರಿಸಿ.

ಹಂತ 2: ರೋಗಿಗಳನ್ನು ಮೂರು ಗುಂಪು ಮಾಡಿ ಬರೆದಿಡಿ

ಬೆಂಕಿ ಬಿದ್ದ ಮೇಲೆ ಯಾರನ್ನು ಹೇಗೆ ಸಾಗಿಸುವುದೆಂದು ಯೋಚಿಸುವಷ್ಟು ಹೊತ್ತಿರುವುದಿಲ್ಲ. ಪಾಳಿಯ ಆರಂಭದಲ್ಲೇ ಬೋರ್ಡಿನ ಮೇಲೆ ಪ್ರತಿ ಹಾಸಿಗೆ ಸಂಖ್ಯೆಯ ಮುಂದೆ ಒಂದಕ್ಷರ ಬರೆಯಿರಿ. ನಡೆಯಬಲ್ಲವರಿಗೆ ‘ನ’, ಗಾಲಿಕುರ್ಚಿ ಅಥವಾ ಒಬ್ಬರ ಹೆಗಲು ಬೇಕಾದವರಿಗೆ ‘ಕು’, ಹೊರಬೇಕಾದವರಿಗೆ ‘ಹೊ’. ಆಮ್ಲಜನಕದ ಮೇಲಿರುವವರ ಸಂಖ್ಯೆಗೆ ಸುತ್ತ ಒಂದು ವೃತ್ತ. ಎರಡು ನಿಮಿಷದ ಕೆಲಸ.

ಈ ಅಕ್ಷರಗಳು ಪ್ರತಿ ಪಾಳಿಗೂ ಬದಲಾಗುತ್ತವೆ ಎಂಬುದು ಗಮನದಲ್ಲಿರಲಿ. ಬೆಳಿಗ್ಗೆ ‘ನ’ ಆಗಿದ್ದ ಹರ್ನಿಯಾ ರೋಗಿ ಮಧ್ಯಾಹ್ನ ಶಸ್ತ್ರಚಿಕಿತ್ಸೆಯಾದರೆ ರಾತ್ರಿಗೆ ‘ಹೊ’. ನಿದ್ದೆ ಮಾತ್ರೆ ಕೊಟ್ಟ ಅಜ್ಜಿ ಹಗಲಿನಲ್ಲಿ ನಡೆಯುತ್ತಿದ್ದರೂ ರಾತ್ರಿ ಎರಡಕ್ಕೆ ನಡೆಯಲಾರರು. ಕಿವಿ ಕೇಳದವರು, ಕಣ್ಣಿಗೆ ಪಟ್ಟಿ ಕಟ್ಟಿದವರು, ಕಾಲಿಗೆ ತೂಕ ಕಟ್ಟಿ ಮಲಗಿಸಿರುವವರು ಎಲ್ಲಿದ್ದಾರೆಂದು ಪಾಳಿಯ ಎಲ್ಲರಿಗೂ ಬಾಯಲ್ಲಿ ಹೇಳಿ. ಆಯಾಗೂ ಹೇಳಿ. ಎತ್ತುವ ಕೈಗಳಲ್ಲಿ ಅರ್ಧದಷ್ಟು ಅವರವೇ.

ಹಂತ 3: ಆಮ್ಲಜನಕ

ಇಲ್ಲಿ ಸ್ವಲ್ಪ ನಿಂತು ಮಾತನಾಡಬೇಕು, ಏಕೆಂದರೆ ಆಸ್ಪತ್ರೆಯ ಬೆಂಕಿ ಮನೆಯ ಬೆಂಕಿಗಿಂತ ಬೇರೆಯಾಗುವುದು ಇಲ್ಲಿಯೇ.

ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ಶೇ 21ರಷ್ಟಿದೆ. ಅದು ಶೇ 23 ದಾಟಿದರೆ ಬೆಂಕಿಯ ಸ್ವಭಾವವೇ ಬದಲಾಗುತ್ತದೆ: ಸಾಮಾನ್ಯವಾಗಿ ಹೊಗೆಯಾಡಿ ಆರಿಹೋಗುವ ಕಿಡಿ ಹತ್ತಿಕೊಳ್ಳುತ್ತದೆ, ನಿಧಾನ ಉರಿಯುವ ಬಟ್ಟೆ ಭಗ್ಗೆನ್ನುತ್ತದೆ. ಮೂಗಿನ ಮೂಲಕ ಅತಿ ವೇಗದಲ್ಲಿ ಆಮ್ಲಜನಕ ಕೊಡುವ ಯಂತ್ರವೊಂದು ನಿಮಿಷಕ್ಕೆ 60 ಲೀಟರ್‌ವರೆಗೆ ಹರಿಸುತ್ತದೆ. ಅದರಲ್ಲಿ ರೋಗಿಯ ಶ್ವಾಸಕೋಶಕ್ಕೆ ಹೋಗುವುದು ಸ್ವಲ್ಪ, ಉಳಿದದ್ದು ಕೋಣೆಗೆ. ಕಿಟಕಿ ಮುಚ್ಚಿದ ಐಸಿಯುವಿನಲ್ಲಿ ಇಂಥ ಹಲವು ಯಂತ್ರಗಳು, ಹಗಲೂ ರಾತ್ರಿ ಓಡುವ ಎ.ಸಿ., ಒಂದೇ ಸಾಲಿನಲ್ಲಿ ಹತ್ತಾರು ಪ್ಲಗ್ಗು. ಕೋವಿಡ್ ಕಾಲದಲ್ಲಿ ಐಸಿಯುಗಳು ಒಂದರ ಹಿಂದೊಂದು ಹೊತ್ತಿಕೊಂಡದ್ದನ್ನು ನೆನೆಯುವಾಗ ಈ ಲೆಕ್ಕವನ್ನೂ ನೆನೆಯಬೇಕು.

ದಿನನಿತ್ಯ ಮಾಡಬೇಕಾದ್ದು ಇಷ್ಟು. ರೋಗಿ ಊಟಕ್ಕೆಂದು ಮಾಸ್ಕ್ ತೆಗೆದು ಹಾಸಿಗೆ ಮೇಲಿಟ್ಟರೆ ಆಮ್ಲಜನಕದ ಹರಿವನ್ನು ಅಳೆಯುವ ಫ್ಲೋಮೀಟರ್ ತಿರುಗಿಸಿ ನಿಲ್ಲಿಸಿ. ಹರಿಯುತ್ತಲೇ ಇರುವ ಮಾಸ್ಕ್ ಹೊದಿಕೆಯ ಒಳಗೆ ಆಮ್ಲಜನಕ ತುಂಬುತ್ತದೆ, ಬಟ್ಟೆ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಸಿಲಿಂಡರಿನ ತಲೆ, ರೆಗ್ಯುಲೇಟರ್, ವಾಷರ್‌ಗೆ ಎಣ್ಣೆ, ಗ್ರೀಸ್, ವ್ಯಾಸಲೀನ್ ತಾಗಬಾರದು. ಒತ್ತಡದ ಆಮ್ಲಜನಕ ತಾಗಿದರೆ ಜಿಡ್ಡು ತಾನಾಗಿ ಹೊತ್ತಿಕೊಳ್ಳಬಲ್ಲದು. ಕೈಗೆ ಸ್ಯಾನಿಟೈಸರ್ ಹಚ್ಚಿದ ಕೂಡಲೇ ವಾಲ್ವ್ ಮುಟ್ಟಬೇಡಿ, ಒಣಗಲಿ. ಸಿಲಿಂಡರ್ ಸರಪಳಿಯಿಂದ ಕಟ್ಟಿರಲಿ.

ಈಗ ಗೋಡೆಯ ಮೇಲಿನ ಪೆಟ್ಟಿಗೆಯ ಕಡೆ ನೋಡಿ. ಪೈಪ್‌ಲೈನ್ ಇರುವ ಪ್ರತಿ ವಾರ್ಡಿಗೂ ಆಮ್ಲಜನಕವನ್ನು ಒಟ್ಟಾಗಿ ನಿಲ್ಲಿಸುವ ವಾಲ್ವ್ ಇರುತ್ತದೆ, ಸಾಮಾನ್ಯವಾಗಿ ಕಾರಿಡಾರಿನ ಗೋಡೆಯಲ್ಲಿ ಗಾಜಿನ ಹಿಂದೆ. ಅದು ಎಲ್ಲಿದೆ, ಯಾವ ಹಾಸಿಗೆಗಳಿಗೆ ಹೋಗುತ್ತದೆ, ಯಾವ ದಿಕ್ಕಿಗೆ ತಿರುಗಿಸಿದರೆ ಮುಚ್ಚುತ್ತದೆ ಎಂಬುದು ನಿಮ್ಮ ಪಾಳಿಯ ಕನಿಷ್ಠ ಇಬ್ಬರಿಗೆ ಗೊತ್ತಿರಬೇಕು. ಮುಚ್ಚುವ ತೀರ್ಮಾನ ಪಾಳಿಯ ಇನ್‌ಚಾರ್ಜ್ ಅಥವಾ ಡ್ಯೂಟಿ ಡಾಕ್ಟರದ್ದು ಎಂದು ಮೊದಲೇ ಬರೆದಿಟ್ಟಿರಲಿ. ಮುಚ್ಚುವ ಮುನ್ನ ಆ ಸಾಲಿನ ರೋಗಿಗಳು ಸಿಲಿಂಡರಿಗೋ, ಕೈಯಿಂದ ಹಿಸುಕಿ ಉಸಿರು ಕೊಡುವ ಆಂಬು ಬ್ಯಾಗಿಗೋ ಬದಲಾಗಿರಬೇಕು. ಆದರೆ ಉರಿಯುತ್ತಿರುವ ಕೋಣೆಗೆ ಆಮ್ಲಜನಕ ಸುರಿಯುತ್ತಲೇ ಇದ್ದರೆ ಇಡೀ ಮಹಡಿಯೇ ಹೋಗುತ್ತದೆ. ಅಲ್ಲಿ ತಡ ಮಾಡುವಂತಿಲ್ಲ.

ಸಾಗಿಸಲು ಬಳಸುವ ಬಿ-ಟೈಪ್ ಸಿಲಿಂಡರ್ ತುಂಬಿದ್ದರೆ ಸುಮಾರು 1,500 ಲೀಟರ್ ಆಮ್ಲಜನಕ ಕೊಡುತ್ತದೆ. ನಿಮಿಷಕ್ಕೆ 10 ಲೀಟರ್ ಬೇಕಾದ ರೋಗಿಗೆ ಎರಡೂವರೆ ಗಂಟೆ, 60 ಲೀಟರ್ ಬೇಕಾದವರಿಗೆ ಬರೀ 25 ನಿಮಿಷ. ಈ ಲೆಕ್ಕವನ್ನು ಸಿಲಿಂಡರಿನ ಮೇಲೆಯೇ ಚೀಟಿ ಅಂಟಿಸಿಡಿ. ಇನ್ನೊಂದು ಸಣ್ಣ ವಿಷಯ, ಆದರೆ ಪ್ರಾಣಕ್ಕೆ ಸಂಬಂಧಿಸಿದ್ದು: ಸಿಲಿಂಡರ್ ತೆರೆಯುವ ಕೀ. ಇಡೀ ವಾರ್ಡಿಗೆ ಒಂದೇ ಕೀ, ಅದೂ ಯಾರದೋ ಜೇಬಿನಲ್ಲಿ ಎಂಬ ಸ್ಥಿತಿ ಬಹಳ ಕಡೆ ಇದೆ. ಪ್ರತಿ ಸಿಲಿಂಡರಿನ ಕುತ್ತಿಗೆಗೂ ಒಂದು ಕೀ ದಾರದಿಂದ ಕಟ್ಟಿರಬೇಕು.

ಹಂತ 4: ಕಿಡಿ ಎಲ್ಲಿಂದ ಬರಬಹುದು?

ಆಸ್ಪತ್ರೆಗಳ ಬೆಂಕಿಯಲ್ಲಿ ಮತ್ತೆ ಮತ್ತೆ ಕೇಳಿಬರುವ ಕಾರಣ ವಿದ್ಯುತ್. ಒಂದು ಎಕ್ಸ್‌ಟೆನ್ಷನ್ ಬೋರ್ಡಿಗೆ ಸಕ್ಷನ್ ಯಂತ್ರ, ವಾರ್ಮರ್, ಮೇಲೆ ಯಾರದೋ ಮೊಬೈಲ್ ಚಾರ್ಜರ್. ಪ್ಲಗ್ ಕಂದು ಬಣ್ಣಕ್ಕೆ ತಿರುಗಿದ್ದರೆ, ಮುಟ್ಟಿದರೆ ಬಿಸಿ ಇದ್ದರೆ, ಎಂಸಿಬಿ (ಹೊರೆ ಹೆಚ್ಚಾದರೆ ತಾನಾಗಿ ಕರೆಂಟ್ ಕಡಿಯುವ ಸ್ವಿಚ್) ಪದೇ ಪದೇ ಬೀಳುತ್ತಿದ್ದರೆ ಅದು ಎಚ್ಚರಿಕೆ. ಬಿದ್ದ ಎಂಸಿಬಿಯನ್ನು ಎತ್ತಿ ಎತ್ತಿ ನಿಲ್ಲಿಸುವುದನ್ನು ಬಿಟ್ಟು ಆ ಯಂತ್ರವನ್ನು ಬೇರ್ಪಡಿಸಿ, ದೂರು ಪುಸ್ತಕದಲ್ಲಿ ಗಂಟೆ ಸಮೇತ ಬರೆಯಿರಿ. ರೋಗಿಯ ಕಡೆಯವರು ಮೊಬೈಲ್ ಚಾರ್ಜ್ ಮಾಡಲು ಕಾರಿಡಾರಿನಲ್ಲಿ ಬೇರೆ ಜಾಗ ಕೊಟ್ಟರೆ ಹಾಸಿಗೆ ಪಕ್ಕದ ಸಾಕೆಟ್ಟಿಗಾಗಿ ಜಗಳವೇ ಇರುವುದಿಲ್ಲ.

ಆಯುಧಪೂಜೆಯ ದಿನ ನಮ್ಮಲ್ಲಿ ಆಪರೇಷನ್ ಥಿಯೇಟರಿನ ಯಂತ್ರಗಳಿಗೂ ಹೂವು ಏರಿಸಿ, ಕರ್ಪೂರ ಬೆಳಗುತ್ತೇವೆ. ಪೂಜೆ ಬೇಡವೆನ್ನುವುದಿಲ್ಲ. ದೀಪ, ಕರ್ಪೂರ, ಊದುಬತ್ತಿ ವಾರ್ಡ್, ಐಸಿಯು, ಥಿಯೇಟರಿನ ಹೊರಗೆ ಇರಲಿ. ಒಳಗೆ ಹೂವು, ಕುಂಕುಮ ಸಾಕು. ಶೇ 70ಕ್ಕೂ ಹೆಚ್ಚು ಆಲ್ಕೋಹಾಲ್ ಇರುವ ಸ್ಯಾನಿಟೈಸರಿನ ಜ್ವಾಲೆ ಹಗಲು ಬೆಳಕಿನಲ್ಲಿ ಕಣ್ಣಿಗೆ ಕಾಣದಷ್ಟು ತೆಳು. ಹೊದಿಕೆಯೊಳಗೆ ಬೀಡಿ ಸೇದುವ ತಾತಂದಿರು, ಮಂಚದ ಕೆಳಗೆ ಸೊಳ್ಳೆಬತ್ತಿ ಹಚ್ಚುವ ಕಡೆಯವರು ಎಲ್ಲ ವಾರ್ಡಿನಲ್ಲೂ ಸಿಗುತ್ತಾರೆ. ಗದರಿಸುವುದಕ್ಕಿಂತ ಸೇರಿಸಿಕೊಳ್ಳುವಾಗಲೇ ಕಾರಣ ಹೇಳಿದರೆ ಹೆಚ್ಚು ಜನ ಕೇಳುತ್ತಾರೆ.

ಹಂತ 5: ಮೊದಲ ಎರಡು ನಿಮಿಷ

ಹೊಗೆ ಕಂಡಿತು ಅಥವಾ ಸುಟ್ಟ ವಾಸನೆ ಬಂತು. ಈಗ ನಾಲ್ಕು ಕೆಲಸ, ಇದೇ ಸರದಿಯಲ್ಲಿ. ಇಬ್ಬರಿದ್ದರೆ ಹಂಚಿಕೊಳ್ಳಿ.

ಒಂದು, ಬೆಂಕಿಯ ಪಕ್ಕದಲ್ಲಿರುವ ರೋಗಿಯನ್ನು ಅಲ್ಲಿಂದ ಸರಿಸಿ.

ಎರಡು, ಕೂಗಿ ಹೇಳಿ, ಅಲಾರಂ ಒತ್ತಿ, ಫೋನ್ ಮಾಡಿ. ನಿಮ್ಮ ಆಸ್ಪತ್ರೆಯಲ್ಲಿ ‘ಕೋಡ್ ರೆಡ್’ ಎಂಬ ಸಂಕೇತ ಇದ್ದರೆ ಅದನ್ನೇ ಬಳಸಿ. ಆದರೆ ಅಗ್ನಿಶಾಮಕ ದಳಕ್ಕೆ ಕರೆ ಮಾಡಲು ಮೇಲಧಿಕಾರಿಯ ಅಪ್ಪಣೆಗೆ ಕಾಯಬೇಡಿ. ಕೋಲ್ಕತ್ತದ ದುರಂತದಲ್ಲಿ ಆಡಳಿತದ ಮೇಲೆ ಬಂದ ದೊಡ್ಡ ಆರೋಪವೇ ದಳಕ್ಕೆ ತಡವಾಗಿ ತಿಳಿಸಿದರು ಎಂಬುದು. 101 ಅಥವಾ 112. ಹೇಳಬೇಕಾದದ್ದನ್ನು ಫೋನಿನ ಪಕ್ಕದಲ್ಲೇ ಅಂಟಿಸಿಡಿ: ಆಸ್ಪತ್ರೆಯ ಹೆಸರು, ಬಡಾವಣೆ, ಹತ್ತಿರದ ಗುರುತು, ಯಾವ ಬ್ಲಾಕ್, ಎಷ್ಟನೇ ಮಹಡಿ, ಏನು ಉರಿಯುತ್ತಿದೆ, ನಡೆಯಲಾಗದ ರೋಗಿಗಳೆಷ್ಟು, ಯಾವ ಗೇಟಿನಿಂದ ಬರಬೇಕು. ಅವರು ಇಡುವ ಮೊದಲು ನೀವು ಫೋನ್ ಇಡಬೇಡಿ. ಬೆಂಕಿ ಆಮೇಲೆ ಆರಿಹೋದರೆ ಯಾರೂ ನಿಮ್ಮನ್ನು ಬಯ್ಯುವುದಿಲ್ಲ, ಬೈದರೂ ಪರವಾಗಿಲ್ಲ.

ಮೂರು, ಬಾಗಿಲು ಮುಚ್ಚಿ. ರೋಗಿ ಹೊರಬಂದ ಕೋಣೆಯ ಬಾಗಿಲನ್ನು ಎಳೆದು ಮುಚ್ಚಿದರೆ ಹೊಗೆಗೆ ಹಲವು ನಿಮಿಷ ತಡೆಯಾಗುತ್ತದೆ. ಬಾಗಿಲ ಕೆಳಗಿನ ಸಂದಿಗೆ ಒದ್ದೆ ಬೆಡ್‌ಶೀಟ್ ತುರುಕಿ. ಎ.ಸಿ. ನಿಲ್ಲಿಸಿ, ಅದು ಹೊಗೆಯನ್ನು ಸುತ್ತಿಸುತ್ತದೆ. ಮುಚ್ಚಿದ ಬಾಗಿಲ ಆಚೆ ಏನಿದೆಯೋ ತಿಳಿಯದಿದ್ದರೆ ಅಂಗೈ ಹಿಂಭಾಗದಿಂದ ಮುಟ್ಟಿ ನೋಡಿ; ಬಿಸಿ ಇದ್ದರೆ ತೆರೆಯಬೇಡಿ.

ನಾಲ್ಕು, ಬೆಂಕಿ ಸಣ್ಣದಿದ್ದರೆ ಮಾತ್ರ ನಂದಿಸಲು ನೋಡಿ.

ಹಂತ 6: ಕೆಂಪು ಸಿಲಿಂಡರ್ ಹಿಡಿದ ಕೈ

ಕಸದ ಬುಟ್ಟಿಯಷ್ಟರ ಬೆಂಕಿ ಸಣ್ಣದು. ಅದಕ್ಕಿಂತ ದೊಡ್ಡದಾದರೆ, ಅಥವಾ ಹೊಗೆ ಹಣೆಯ ಮಟ್ಟಕ್ಕೆ ಇಳಿದಿದ್ದರೆ ಬಿಟ್ಟುಬಿಡಿ, ಜನರನ್ನು ಹೊರಗೆ ತನ್ನಿ. ನಿಮ್ಮ ಬೆನ್ನ ಹಿಂದೆ ಬಾಗಿಲಿರಬೇಕು, ಮುಂದೆ ಬೆಂಕಿ.

ವಾರ್ಡಿನಲ್ಲಿ ಸಾಮಾನ್ಯವಾಗಿ ಎರಡು ಬಗೆ ಇರುತ್ತವೆ. ಎಬಿಸಿ ಎಂದು ಬರೆದಿರುವ ಪುಡಿಯದು ಬಟ್ಟೆ, ಕಾಗದ, ಸ್ಪಿರಿಟ್, ವಿದ್ಯುತ್ ಎಲ್ಲಕ್ಕೂ ನಡೆಯುತ್ತದೆ, ಆದರೆ ಕೋಣೆ ತುಂಬ ಪುಡಿ ಎದ್ದು ದಮ್ಮಿನ ರೋಗಿಗಳು ಕೆಮ್ಮಿ ಸೋಲುತ್ತಾರೆ. ಕಾರ್ಬನ್ ಡೈಆಕ್ಸೈಡಿನದು ಮಾನಿಟರ್, ವೆಂಟಿಲೇಟರ್, ಸ್ವಿಚ್‌ಬೋರ್ಡಿಗೆ ಒಳ್ಳೆಯದು. ಅದರ ಕಪ್ಪು ಕಹಳೆಯ ಮೂತಿಯನ್ನು ಬರಿಗೈಯಲ್ಲಿ ಹಿಡಿದರೆ ಚರ್ಮ ಹಿಮಗಟ್ಟುತ್ತದೆ, ಮತ್ತು ಇಕ್ಕಟ್ಟಿನ ಕೋಣೆಯಲ್ಲಿ ನಿಮ್ಮ ಉಸಿರಿಗೂ ಕುತ್ತು. ವಿದ್ಯುತ್ ಬೆಂಕಿಗೆ ನೀರು ಬೇಡ. ಕರೆಂಟ್ ಹಂಚುವ ಪೆಟ್ಟಿಗೆಯಲ್ಲಿ (ಡಿಬಿ) ಸ್ವಿಚ್ ಇಳಿಸಿದರೂ ಯುಪಿಎಸ್ ಸಾಲಿನ ಸಾಕೆಟ್‌ಗಳಲ್ಲಿ ಕರೆಂಟ್ ಇರುತ್ತದೆ ಎಂಬುದು ನೆನಪಿರಲಿ.

ಆರು ಕೆಜಿ ಪುಡಿಯ ಸಿಲಿಂಡರ್ ಕಬ್ಬಿಣ ಸೇರಿ ಹತ್ತು ಕೆಜಿಯ ಹತ್ತಿರ ತೂಗುತ್ತದೆ. ಗೋಡೆಯಿಂದ ಇಳಿಸಿ ನೆಲದ ಮೇಲೆ ನಿಲ್ಲಿಸಿ. ಮೊದಲ ಸಲ ಹಿಡಿದವರೆಲ್ಲ ಗಾಬರಿಯಲ್ಲಿ ಮಾಡುವುದು ಒಂದೇ: ಒಂದು ಕೈಯಲ್ಲಿ ಹಿಡಿಕೆಯನ್ನು ಬಿಗಿಯಾಗಿ ಅದುಮಿಕೊಂಡು ಇನ್ನೊಂದು ಕೈಯಲ್ಲಿ ಪಿನ್ ಎಳೆಯುವುದು. ಅದುಮಿದಾಗ ಪಿನ್ ಸಿಕ್ಕಿಕೊಳ್ಳುತ್ತದೆ, ಎಷ್ಟು ಎಳೆದರೂ ಬರುವುದಿಲ್ಲ. ‘ಇದು ಕೆಟ್ಟಿದೆ’ ಎಂದು ಬಿಸಾಕಿ ಓಡುತ್ತಾರೆ. ಹಿಡಿಕೆಯಿಂದ ಕೈ ತೆಗೆದು, ಸಿಲಿಂಡರಿನ ಮೈಯನ್ನು ಹಿಡಿದು, ಪಿನ್ನನ್ನು ತಿರುಚಿ ಪ್ಲಾಸ್ಟಿಕ್ ಮುದ್ರೆ ಮುರಿದು ಎಳೆಯಿರಿ. ಆಮೇಲೆ ಎತ್ತಿಕೊಂಡು, ಎರಡು ಮೂರು ಮೀಟರ್ ದೂರದಲ್ಲಿ ನಿಂತು, ಜ್ವಾಲೆಯ ಬುಡಕ್ಕೆ ಗುರಿಯಿಟ್ಟು ಅದುಮಿ, ಎಡಬಲ ಆಡಿಸಿ. ಹೆಚ್ಚೆಂದರೆ 20 ಸೆಕೆಂಡುಗಳ ಆಸುಪಾಸಿನಲ್ಲಿ ಖಾಲಿಯಾಗುತ್ತದೆ. ಆರಲಿಲ್ಲವೇ? ಹೊರಡಿ.

ಪುಡಿಯ ಸಿಲಿಂಡರಿನ ಮುಳ್ಳು ಹಸಿರು ಪಟ್ಟಿಯಲ್ಲಿರಬೇಕು. ಕಾರ್ಬನ್ ಡೈಆಕ್ಸೈಡಿನದಕ್ಕೆ ಮುಳ್ಳು ಇರುವುದಿಲ್ಲ, ತೂಕ ಹಾಕಿಯೇ ನೋಡಬೇಕು. ಕೊನೆಯ ಸಲ ತೂಗಿದ ದಿನಾಂಕ ಚೀಟಿಯಲ್ಲಿದೆಯೇ ಎಂದು ನೋಡಿ.

ಹಂತ 7: ಸಾಗಿಸುವುದು

ಎಲ್ಲರನ್ನೂ ಕೆಳಗಿಳಿಸಬೇಕು ಎಂದು ಹೊರಟರೆ ಇಬ್ಬರು ಸಿಸ್ಟರ್ ಕೈಯಲ್ಲಿ ಆಗದು. ಮೊದಲ ಗುರಿ ಅದೇ ಮಹಡಿಯಲ್ಲಿ, ಹೊಗೆ ತಡೆಯುವ ಬಾಗಿಲ ಆಚೆಗಿನ ಭಾಗ. ರಾಷ್ಟ್ರೀಯ ಕಟ್ಟಡ ಸಂಹಿತೆ ಆಸ್ಪತ್ರೆಯ ಮಹಡಿಗಳನ್ನು ಹೀಗೆ ಭಾಗ ಮಾಡಿ ಕಟ್ಟಬೇಕೆನ್ನುವುದು ಇದಕ್ಕಾಗಿಯೇ. ಅಲ್ಲಿಗೂ ಹೊಗೆ ಬರುವಂತಿದ್ದರೆ ಕೆಳಗಿನ ಮಹಡಿ. ಲಿಫ್ಟ್ ಬೇಡ.

ಬೆಂಕಿಯ ಸಮೀಪದವರು ಮೊದಲು. ಆಮೇಲೆ ‘ನ’ ಗುಂಪಿನವರು, ಅವರ ಹಿಂದೆ ‘ಕು’, ಕೊನೆಗೆ ‘ಹೊ’. ಅತಿ ಕಾಯಿಲೆಯವರನ್ನು ಕೊನೆಗೆ ಬಿಡುವುದು ಕೇಳಲು ಕಷ್ಟ. ಆದರೆ ನಡೆಯುವ ಹದಿನೈದು ಜನ ಎರಡು ನಿಮಿಷದಲ್ಲಿ ಹೊರಗೆ ಹೋದರೆ ದಾರಿ ತೆರವಾಗುತ್ತದೆ, ಉಳಿದವರಿಗೆ ನಿಮ್ಮ ಪೂರ್ತಿ ಕೈ ಸಿಗುತ್ತದೆ. ಅವರಲ್ಲಿ ಗಟ್ಟಿಗರೊಬ್ಬರನ್ನು ಮುಂದಾಳು ಮಾಡಿ ಕಳುಹಿಸಿ. ರೋಗಿಯ ಕಡೆಯವರನ್ನು ಹೊರಗಟ್ಟಬೇಡಿ. ಬೆರಳು ತೋರಿಸಿ, ಹೆಸರು ಹಿಡಿದು ಕೆಲಸ ಕೊಡಿ: ‘ಅಣ್ಣಾ, ನೀವು ಈ ಕುರ್ಚಿ ತಳ್ಳಿ, ಅಕ್ಕಾ, ನೀವು ಆ ಬಾಗಿಲು ಹಿಡಿದುಕೊಳ್ಳಿ.’ ಕೆಲಸ ಸಿಕ್ಕಿದವರ ಗಾಬರಿ ಅರ್ಧ ಇಳಿಯುತ್ತದೆ.

ನಡೆಯಲಾಗದ ದೊಡ್ಡ ಮೈಯ ರೋಗಿಯನ್ನು ಒಬ್ಬರೇ ಹೊರತರುವುದು ಸಾಧ್ಯ, ಎತ್ತುವುದರಿಂದಲ್ಲ, ಎಳೆಯುವುದರಿಂದ. ಮಂಚದ ಬ್ರೇಕ್ ಹಾಕಿ, ಆದಷ್ಟು ತಗ್ಗಿಸಿ. ಪಕ್ಕದ ನೆಲಕ್ಕೆ ಕಂಬಳಿ ಹಾಸಿ. ಮೂತ್ರದ ಚೀಲವನ್ನು ಮಂಚದ ಕಂಬಿಯಿಂದ ಬಿಚ್ಚಿ ರೋಗಿಯ ಕಾಲುಗಳ ನಡುವೆ ಇಡಿ. ಇದನ್ನು ಮರೆತರೆ ಎಳೆದಾಗ ಕೊಳವೆ ಕಿತ್ತು ಬಂದು ರಕ್ತ ಸೋರುತ್ತದೆ. ಡ್ರಿಪ್ ನಿಲ್ಲಿಸಿ, ಕ್ಯಾನುಲಾಗೆ ಮುಚ್ಚಳ ಹಾಕಿ ಕಳಚಿ. ಎದೆಯಲ್ಲಿ ಕೊಳವೆ ಇದ್ದರೆ ಅದಕ್ಕೆ ಕ್ಲಾಂಪ್ ಹಾಕದೆ, ಬಾಟಲಿ ಎದೆಗಿಂತ ಕೆಳಗೆ ಇರುವಂತೆ ನೋಡಿ. ಮೊದಲು ಕಾಲುಗಳನ್ನು ನೆಲಕ್ಕೆ ಇಳಿಸಿ, ರೋಗಿ ಮಲಗಿರುವ ಬೆಡ್‌ಶೀಟನ್ನೇ ಹಿಡಿದು ನಿಮ್ಮ ತೊಡೆಯ ಮೇಲಿಂದ ಸೊಂಟ, ಬೆನ್ನು ಜಾರಿಸಿ, ತಲೆಗೆ ಕೈ ಕೊಟ್ಟು ಕಂಬಳಿಯ ಮೇಲೆ ಮಲಗಿಸಿ. ತಲೆಯ ಬದಿಯ ಕಂಬಳಿಯನ್ನು ಎರಡೂ ಕೈಯಲ್ಲಿ ಸುರುಳಿ ಸುತ್ತಿ ಹಿಡಿದು, ತಲೆ ನೆಲದಿಂದ ತುಸು ಮೇಲಿರುವಂತೆ, ಹಿಂದಕ್ಕೆ ನಡೆಯುತ್ತಾ ಎಳೆಯಿರಿ. ಹೊಗೆ ಮೇಲೇ ಇರುವುದರಿಂದ ನೆಲದ ಮಟ್ಟದಲ್ಲಿ ರೋಗಿಗೂ ಒಳ್ಳೆಯ ಗಾಳಿ ಸಿಗುತ್ತದೆ. ನೀವೂ ಬಗ್ಗಿಯೇ ಇರಿ. ಮೆಟ್ಟಿಲಲ್ಲಿ ಮಾತ್ರ ನಾಲ್ಕು ಜನ ಬೇಕು, ಕಂಬಳಿಯ ಅಂಚು ಸುತ್ತಿ ಹಿಡಿಯಬೇಕು.

ಶಿಶು ಘಟಕದಲ್ಲಿ ಒಬ್ಬರು ಎರಡು ಕೂಸುಗಳನ್ನು ಎತ್ತಿಕೊಳ್ಳಬಹುದು. ದೊಡ್ಡ ಜೇಬುಗಳಿರುವ ಏಪ್ರನ್ ಇದ್ದರೆ ಇನ್ನೂ ಹೆಚ್ಚು. ದರ್ಜಿಯ ಬಳಿ ದಪ್ಪ ಹತ್ತಿ ಬಟ್ಟೆಯಲ್ಲಿ ಹೊಲಿಸಿ ಬಾಗಿಲ ಬಳಿ ತೂಗುಹಾಕಬಹುದು. ಕೂಸನ್ನು ಒಣ ಬಟ್ಟೆಯಲ್ಲಿ ಸುತ್ತಿ, ತಲೆ ಮುಚ್ಚಿ, ಎದೆಗೆ ಅವುಚಿಕೊಳ್ಳಿ, ಹೊರಗಿನ ಚಳಿಯೂ ಅದಕ್ಕೆ ಅಪಾಯವೇ. ಗುರುತಿನ ಪಟ್ಟಿ ಕೂಸಿನ ಮೈಮೇಲೆಯೇ ಇರಬೇಕು, ವಾರ್ಮರಿಗೆ ಅಂಟಿಸಿದ್ದು ಅಲ್ಲೇ ಉರಿದುಹೋಗುತ್ತದೆ. ಝಾನ್ಸಿಯಲ್ಲಿ ಉಳಿದ ಮಕ್ಕಳಲ್ಲಿ ತಮ್ಮದು ಯಾವುದೆಂದು ಹೆತ್ತವರು ಹುಡುಕಾಡಿದ ಆ ಗಂಟೆಗಳು ಯಾವ ತಾಯಿಗೂ ಬರಬಾರದು.

ಡಯಾಲಿಸಿಸ್‌ನಲ್ಲಿ ಎರಡೂ ಕೊಳವೆಗಳಿಗೆ ಕ್ಲಾಂಪ್ ಹಾಕಿ ಯಂತ್ರದಿಂದ ಬೇರ್ಪಡಿಸಿ, ಸೂಜಿ ರೋಗಿಯ ತೋಳಿನಲ್ಲೇ ಇರಲಿ. ತೂಕ ಕಟ್ಟಿದ ಕಾಲಿನ ಹಗ್ಗವನ್ನು ಕತ್ತರಿಸಿ. ಥಿಯೇಟರಿನಲ್ಲಿ ಚರ್ಮಕ್ಕೆ ಸ್ಪಿರಿಟ್ ಹಚ್ಚಿದ ಮೇಲೆ ಕನಿಷ್ಠ ಮೂರು ನಿಮಿಷ ಒಣಗದೆ ಡಯಾಥರ್ಮಿ (ವಿದ್ಯುತ್ತಿನಿಂದ ಕೊಯ್ಯುವ, ರಕ್ತ ನಿಲ್ಲಿಸುವ ಉಪಕರಣ) ಮುಟ್ಟಬೇಡಿ. ಹೊದಿಕೆ ಹೊತ್ತಿಕೊಂಡರೆ ಅನಿಲ ನಿಲ್ಲಿಸಿ, ಹೊದಿಕೆ ಕಿತ್ತೆಸೆದು, ಸಲೈನ್ ಸುರಿಯಿರಿ.

ಕೋಲ್ಕತ್ತದಲ್ಲಿ ಕೇರಳದ ಇಬ್ಬರು ದಾದಿಯರು ಎಂಟು ರೋಗಿಗಳನ್ನು ಹೊರಗೆ ತಂದು, ಮತ್ತೊಬ್ಬರಿಗಾಗಿ ಒಳಗೆ ಹೋಗಿ ಹೊಗೆಗೆ ಬಲಿಯಾದರು. ಅವರಿಗೆ ತಲೆಬಾಗುತ್ತೇನೆ. ಆದರೆ ಯಾವ ಸಿಸ್ಟರಿಗೂ ಅಂಥ ಗತಿ ಬರಬಾರದೆಂದೇ ಇದನ್ನೆಲ್ಲ ಬರೆಯುತ್ತಿರುವುದು. ಹೊಗೆ ತುಂಬಿದ ಕೋಣೆಗೆ ಎರಡನೇ ಸಲ ಹೋಗುವುದು ಉಸಿರಿನ ಉಪಕರಣ ಹಾಕಿಕೊಂಡ ಅಗ್ನಿಶಾಮಕ ಸಿಬ್ಬಂದಿಯ ಕೆಲಸ. ಒಳಗೆ ಯಾವ ಹಾಸಿಗೆಯಲ್ಲಿ ಯಾರಿದ್ದಾರೆಂದು ಅವರಿಗೆ ನಿಖರವಾಗಿ ಹೇಳುವುದು ನಿಮ್ಮ ಕೆಲಸ.

ಅದಕ್ಕಾಗಿ ಹೊರಡುವಾಗ ವಾರ್ಡಿನ ರೋಗಿಗಳ ಪಟ್ಟಿಯನ್ನು ಕೈಗೆತ್ತಿಕೊಳ್ಳಿ. ಮೊಬೈಲಿನಲ್ಲಿ ಪಾಳಿಯ ಆರಂಭದಲ್ಲೇ ಬೋರ್ಡಿನ ಚಿತ್ರ ತೆಗೆದಿಟ್ಟಿದ್ದರೆ ಇನ್ನೂ ಸುಲಭ. ಸೇರುವ ಜಾಗದಲ್ಲಿ ರೋಗಿಗಳು, ಕಡೆಯವರು, ಸಿಬ್ಬಂದಿ ಎಲ್ಲರನ್ನೂ ಎಣಿಸಿ. ಶೌಚಾಲಯಕ್ಕೆ ಹೋದವರು ಎಣಿಕೆಯಲ್ಲಿ ತಪ್ಪಿಹೋಗುವುದು ಸಾಮಾನ್ಯ.

ಹಂತ 8: ರಾತ್ರಿಯ ತಾಲೀಮು

ಆಸ್ಪತ್ರೆಗಳ ಗುಣಮಟ್ಟ ನೋಡುವ ರಾಷ್ಟ್ರೀಯ ಮಂಡಳಿ ಎನ್‌ಎಬಿಎಚ್‌ನ ಮಾನ್ಯತೆ ಪಡೆದ ಆಸ್ಪತ್ರೆಗಳು ವರ್ಷಕ್ಕೆ ಎರಡು ಸಲವಾದರೂ ಅಣಕು ಕಾರ್ಯಾಚರಣೆ ಮಾಡಬೇಕು. ರಾಜ್‌ಕೋಟ್‌ನ ಕೋವಿಡ್ ಆಸ್ಪತ್ರೆಯ ಬೆಂಕಿಯ ನಂತರ, 2020ರ ಡಿಸೆಂಬರ್ 18ರಂದು ಸುಪ್ರೀಂ ಕೋರ್ಟ್ ಕೋವಿಡ್ ಆಸ್ಪತ್ರೆಗಳಲ್ಲಿ ಅಗ್ನಿಸುರಕ್ಷತೆಗೆ ಹೊಣೆಗಾರ ಅಧಿಕಾರಿಯೊಬ್ಬರಿರಬೇಕೆಂದು ಆದೇಶಿಸಿತು. ನಿಮ್ಮಲ್ಲಿ ಆ ಹೊಣೆ ಯಾರದು? ಗೊತ್ತಿಲ್ಲದಿದ್ದರೆ ನಾಳೆ ಕೇಳಿ.

ಒಂದು ತಾಲೀಮನ್ನಾದರೂ ರಾತ್ರಿ ಹನ್ನೊಂದರ ಮೇಲೆ ಮಾಡಿ. ರೋಗಿಗಳನ್ನು ಎಬ್ಬಿಸಬೇಕಿಲ್ಲ. ಖಾಲಿ ಹಾಸಿಗೆಯಲ್ಲಿ ಸಹೋದ್ಯೋಗಿಯನ್ನು ಮಲಗಿಸಿ ಕಂಬಳಿಯಲ್ಲಿ ಎಳೆಯಿರಿ, ಗಡಿಯಾರ ನೋಡಿ. ಹೊಸದಾಗಿ ಸೇರಿದವರು, ಹೊರಗುತ್ತಿಗೆಯ ಸ್ವಚ್ಛತಾ ಸಿಬ್ಬಂದಿ, ಕಾವಲುಗಾರರು ಇರಲೇಬೇಕು. ಅವಧಿ ಮುಗಿಯುತ್ತಿರುವ ಕೆಂಪು ಸಿಲಿಂಡರುಗಳನ್ನು ಮರುಭರ್ತಿಗೆ ಕಳುಹಿಸುವ ಮುನ್ನ ಅವುಗಳನ್ನೇ ಅಂಗಳದಲ್ಲಿ ಸಿಬ್ಬಂದಿಯ ಕೈಗೆ ಕೊಟ್ಟು ಖಾಲಿ ಮಾಡಿಸಿ. ಪಿನ್ ಎಳೆದು ನೋಡಿದ ಕೈಗೆ ಬರುವ ಧೈರ್ಯ ಯಾವ ಭಾಷಣದಿಂದಲೂ ಬಾರದು. 1944ರ ಮುಂಬೈ ಬಂದರಿನ ಸ್ಫೋಟದಲ್ಲಿ ಮಡಿದವರ ನೆನಪಿಗೆ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. ಆಗ ಹತ್ತಿರದ ಠಾಣೆಯವರನ್ನು ಕರೆಯಿರಿ, ಅಂಗಳದ ತೋರಿಕೆಗಷ್ಟೇ ಬಿಡದೆ ವಾರ್ಡಿನ ಒಳಗೆ ಕರೆದುಕೊಂಡು ಹೋಗಿ. ಅವರ ವಾಹನ ನಿಮ್ಮ ಗೇಟಿನಲ್ಲಿ ತೂರುತ್ತದೆಯೇ, ಬೈಕುಗಳ ಸಾಲು ಅಡ್ಡವಾಗುತ್ತದೆಯೇ ಎಂದು ಅವರೇ ನೋಡಿ ಹೇಳಲಿ.

ತಾಲೀಮಿನಲ್ಲಿ ಕಂಡ ಕೊರತೆಗಳನ್ನು, ಬೀಗ, 	ಕಂಡಮ್ ಮಂಚ, ಬಿಸಿಯಾಗುವ ಪ್ಲಗ್, ಇಲ್ಲದ ಕೀ ಸೇರಿದಂತೆ, ಹಾಸಿಗೆ ಮತ್ತು ಕೋಣೆಯ ಸಂಖ್ಯೆ ಸಹಿತ ಬರೆದು ವೈದ್ಯಕೀಯ ಅಧೀಕ್ಷಕರಿಗೆ ಕೊಡಿ. ನಕಲಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ವಾರ್ಡಿನ ಕಡತದಲ್ಲಿಡಿ, ಮುಂದಿನ ತಿಂಗಳು ಅದೇ ಪಟ್ಟಿ ಹಿಡಿದು ಮತ್ತೆ ಕೇಳಿ.